ನೀಟ್ ಎರಡನೇ ಸಲ: ಓದು ಮಗಳ ಪಾಲಿಗೆ, ಅರ್ಜಿ ಮನೆಯ ಪಾಲಿಗೆ

ಪಿಯುಸಿ ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ 'ಲಾಂಗ್ ಟರ್ಮ್' ಅನ್ನೋ ಮಾತು ಕೇಳದವರಿಲ್ಲ. ಮೊದಲ ಸಲ ನೀಟ್ ಬರೆದು, ಸೀಟು ಸಿಗುವಷ್ಟು ರ‍್ಯಾಂಕ್ ಬರದೆ, ಒಂದು ವರ್ಷ ಕೂತು ಮತ್ತೆ ಓದುವುದಕ್ಕೆ ಆ ಹೆಸರು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ತೆಂಗಿನಕಾಯಿ ಮಾರಿದ ದುಡ್ಡು, ಡೈರಿ ಬಟವಾಡೆ, ಎತ್ತಿದ ಚೀಟಿ ಎಲ್ಲ ಸೇರಿ ಹಾಸನದ, ಮೈಸೂರಿನ, ಮಂಗಳೂರು ಕಡೆಯ ಕೋಚಿಂಗ್ ಹಾಸ್ಟೆಲ್ಲುಗಳಿಗೆ ಹೋಗುತ್ತದೆ.

ಈ ವಿಷಯ ಬಂದರೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಎಷ್ಟು ಮಾರ್ಕ್ಸ್ ಬೇಕು? ಹೇಗೆ ಓದಬೇಕು? ಅದನ್ನು ಹೇಳೋಕೆ ಮೇಷ್ಟ್ರುಗಳಿದ್ದಾರೆ. ನಾವು ಬರೆಯಲು ಕೂತಿರುವುದು ಯಾರೂ ಕೇಳದ ಇನ್ನೊಂದು ವಿಷಯ: ಎರಡನೇ ಸಲ ಬರೆಯುವವರು ಅರ್ಜಿಯನ್ನು ಯಾವಾಗ ಹಾಕಬೇಕು, ಎಷ್ಟು ಕಡೆ ಹಾಕಬೇಕು, ಆ ಕೆಲಸ ಯಾರು ಮಾಡಬೇಕು. ನಮ್ಮ ಅಕ್ಕನ ಮಗಳು 2024ರಲ್ಲಿ ಒಂದು ಸಲ, 2025ರಲ್ಲಿ ಒಂದು ಸಲ ನೀಟ್ ಬರೆದಳು. ಆ ಎರಡು ವರ್ಷ ಅಕ್ಕ, ಭಾವ, ನಾವು ಸೇರಿ ಓಡಾಡಿ ತಿಳಿದುಕೊಂಡದ್ದು ಇಲ್ಲಿದೆ.

2024ರ ಪರೀಕ್ಷೆ ಮೇ 5ಕ್ಕೆ ನಡೆಯಿತು. ಫಲಿತಾಂಶ ಜೂನ್ 14ಕ್ಕೆ ಅಂದಿದ್ದರು, ಜೂನ್ 4ಕ್ಕೇ ಬಂತು. ಅವತ್ತೇ ಲೋಕಸಭೆ ಮತ ಎಣಿಕೆ. ನಾವು ಬೆಳಿಗ್ಗೆಯಿಂದ ಸುದ್ದಿ ಕಳಿಸುತ್ತ ಇದ್ದಾಗ ಹುಡುಗಿ ಫೋನ್ ಮಾಡಿ, "ಮಾವ, ಮಾರ್ಕ್ಸ್ ಚೆನ್ನಾಗೈತೆ, ರ‍್ಯಾಂಕ್ ಮಾತ್ರ ಎಲ್ಲೋ ಹೋಗೈತೆ" ಅಂದಳು. ನಿಜ. ಆ ವರ್ಷ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ಮೊದಲು ಪ್ರಕಟವಾದ ಪಟ್ಟಿಯಲ್ಲಿ 720ಕ್ಕೆ 720 ತೆಗೆದವರೇ 67 ಜನ. ಪರಿಷ್ಕರಿಸಿದ ಮೇಲೆ ಅದು 17ಕ್ಕೆ ಇಳಿಯಿತು. ಮೇಲೆ ಅಷ್ಟು ಜನ ಒತ್ತಿದಾಗ ಕೆಳಗಿನವರ ರ‍್ಯಾಂಕ್ ಜಾರಿತು.

ಆಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ. ಮರುಪರೀಕ್ಷೆ ಆಗುತ್ತೋ ಇಲ್ಲವೋ ಯಾರಿಗೂ ತಿಳಿಯದು. ಇಡೀ ಪರೀಕ್ಷೆ ರದ್ದು ಮಾಡೋದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಜುಲೈ 23ಕ್ಕೆ. ಆದರೆ ಲಾಂಗ್ ಟರ್ಮ್ ಬ್ಯಾಚ್ ಅಷ್ಟು ದಿನ ಕಾಯೋದಿಲ್ಲ. ಜೂನ್ ಕೊನೆಗೇ ಫೀಸು ಕಟ್ಟಿ ಅಂದರು. ಕಟ್ಟಿ ಸೇರಿಸಿದೆವು. ಕೇಂದ್ರದ ಕೌನ್ಸೆಲಿಂಗ್ ಶುರುವಾದದ್ದು ಆಗಸ್ಟ್ ಮಧ್ಯದಲ್ಲಿ.

ಎರಡನೇ ಸಲ ಬರೆಯುವವರ ಮೊದಲ ತೊಡಕು ಇದೇ. ಸೀಟು ಸಿಗುತ್ತೋ ಇಲ್ಲವೋ ಗೊತ್ತಾಗುವ ಮೊದಲೇ ಮತ್ತೆ ಓದುವ ತೀರ್ಮಾನ ಮಾಡಬೇಕು, ದುಡ್ಡು ಕಟ್ಟಬೇಕು. ಕಟ್ಟಿದ ಮೇಲೆ ಮನೆಯವರಿಗೆ ಕೌನ್ಸೆಲಿಂಗ್ ಕಡೆ ಗಮನ ಹೋಗೋದಿಲ್ಲ. ಭಾವನೂ ಹಾಗೇ ಅಂದರು: "ಸೇರ್ಸಾಯ್ತಲ್ಲ, ಇನ್ಯಾಕೆ ಅದು?"

ಆದರೂ ಬಿಡಲಿಲ್ಲ. ಸರ್ಕಾರಿ ಕಾಲೇಜುಗಳ ಸೀಟಿನಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾ, ಅದನ್ನು ಹಂಚೋದು ಕೇಂದ್ರದ ಎಂಸಿಸಿ. ಉಳಿದ 85 ನಮ್ಮ ರಾಜ್ಯದ್ದು, ಹಂಚೋದು ಕೆಇಎ. ಎರಡಕ್ಕೂ ಬೇರೆ ಬೇರೆ ನೋಂದಣಿ. ಎರಡರಲ್ಲೂ ಕೊನೆಯ ಸುತ್ತಿನವರೆಗೆ ನೋಡಿದೆವು. ಎಂಬಿಬಿಎಸ್ ಸಿಗಲಿಲ್ಲ. ಆದರೆ ಒಂದು ಲಾಭ ಆಯಿತು. ನಮ್ಮ ವರ್ಗಕ್ಕೆ, ಗ್ರಾಮೀಣ ಕೋಟಾಕ್ಕೆ, ಯಾವ ಕಾಲೇಜು ಯಾವ ರ‍್ಯಾಂಕಿಗೆ ಮುಗಿಯಿತು ಅನ್ನೋದನ್ನು ಸುತ್ತು ಸುತ್ತಿಗೂ ಬರೆದಿಟ್ಟುಕೊಂಡೆವು. ಮುಂದಿನ ವರ್ಷ ನಮ್ಮ ಕೈಯಲ್ಲಿದ್ದ ಅಳತೆಗೋಲು ಅದೊಂದೇ.

ಈ ಸುತ್ತುಗಳಲ್ಲಿ ಎರಡನೇ ಸಲ ಬರೆಯುವವರು ತಿಳಿದಿರಲೇಬೇಕಾದ ಒಂದು ನಿಯಮ ಇದೆ. ಎಂಸಿಸಿಯ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿಯೂ ಹೋಗಿ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ಒಂದು ವರ್ಷ ನೀಟ್ ಬರೆಯಲೂ ಬಿಡುವುದಿಲ್ಲ. "ಸುಮ್ನೆ ಹಾಕಿ ನೋಡಾಣ" ಅಂತ ಬೇಡದ ಕಾಲೇಜನ್ನು ಆ ಸುತ್ತಿನಲ್ಲಿ ಹಾಕಿದರೆ, ಮಗು ಓದುತ್ತಿರುವ ವರ್ಷವೇ ಕೈ ತಪ್ಪುತ್ತದೆ. ಸೇರಲು ಮನಸ್ಸಿರುವ ಕಾಲೇಜನ್ನು ಮಾತ್ರ ಹಾಕಬೇಕು. ಹಾಗೆಯೇ, ಯಾವುದಾದರೂ ಕೋರ್ಸಿಗೆ ಸೇರಿಕೊಂಡು ಮತ್ತೆ ನೀಟ್ ಬರೆಯುವ ಯೋಚನೆ ಇದ್ದರೆ, ಅಸಲಿ ಅಂಕಪಟ್ಟಿಗಳು ಆ ಕಾಲೇಜಿನಲ್ಲಿ ಇರುತ್ತವೆ ಅನ್ನೋದು ನೆನಪಿರಲಿ. ಬಿಟ್ಟು ಬರುವುದಾದರೆ ಏನು ಕಟ್ಟಬೇಕು, ಅಸಲಿ ಯಾವಾಗ ಕೊಡುತ್ತಾರೆ ಅಂತ ಸೇರುವ ದಿನವೇ ಕೇಳಬೇಕು.

2025ರ ಜನವರಿ ಬಂತು. ಸಿಇಟಿ ಅರ್ಜಿ ಶುರುವಾಯಿತು. ಫೆಬ್ರವರಿ 7ರಿಂದ ಮಾರ್ಚ್ 7ರವರೆಗೆ ನೀಟ್ ಅರ್ಜಿ. ಹುಡುಗಿ ಹಾಸ್ಟೆಲ್ಲಿನಲ್ಲಿ, ಕೈಯಲ್ಲಿ ಫೋನಿಲ್ಲ, ದಿನಕ್ಕೆ ಹನ್ನೆರಡು ಗಂಟೆ ಓದು. ಆಗ ಮನೆಯಲ್ಲಿ ಕೂತು ಒಂದು ತೀರ್ಮಾನ ಮಾಡಿದೆವು. ಓದೋದು ಅವಳ ಕೆಲಸ. ಅರ್ಜಿ, ದಿನಾಂಕ, ಸರ್ಟಿಫಿಕೇಟು, ಫೀಸು ಇಷ್ಟೂ ಮನೆಯ ಕೆಲಸ. ನೋಂದಣಿಗೆ ಭಾವನ ನಂಬರ್ ಕೊಟ್ಟೆವು. ಒಟಿಪಿ ಬರುವುದು ನೋಂದಾಯಿಸಿದ ನಂಬರಿಗೆ. ಅದು ಹಾಸ್ಟೆಲ್ಲಿನ ಬೀರುವಿನಲ್ಲಿ ಸ್ವಿಚ್ ಆಫ್ ಆಗಿದ್ದರೆ ಸೈಬರ್ ಸೆಂಟರಿನಲ್ಲಿ ಕೂತವರು ಏನು ಮಾಡಲಾದೀತು?

ಸಿಇಟಿ ಅರ್ಜಿ ಹಾಕುವಾಗ ಮನೆಯಲ್ಲಿ ಮಾತು ಬೆಳೆಯಿತು. ಭಾವನಿಗೆ ಅದು ಅಪಶಕುನ ಅನ್ನಿಸಿತ್ತು. "ಡಾಕ್ಟ್ರಾಗ್ಲಿ ಅಂತ ಲಕ್ಷ ಸುರಿದು ಓದುಸ್ತಿದ್ದೀವಿ. ಈಗ ಬೇರೆ ಅರ್ಜಿ ಹಾಕಿದ್ರೆ ಮಗೂಗೆ ಏನನ್ಸುತ್ತೆ? ನಮಗೇ ನಂಬ್ಕೆ ಇಲ್ಲ ಅಂತಾಗಲ್ವಾ? ಎರಡು ದೋಣಿ ಮೇಲೆ ಕಾಲಿಡಬಾರ್ದು."

ನಾವು ಕೇಳಿದ್ದು ಇಷ್ಟೆ: "ಭಾವ, ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಲ್ವಾ ನೀವು? ಅವರೆ, ತೊಗರಿ ಹಾಕೋದು ರಾಗಿ ಮೇಲೆ ನಂಬ್ಕೆ ಇಲ್ದೆನಾ?"

ಭಾವ ಉತ್ತರ ಕೊಡಲಿಲ್ಲ. ಮಾರನೇ ದಿನ ಪಹಣಿ ತಂದು ಮೇಜಿನ ಮೇಲಿಟ್ಟರು. ಕೃಷಿ, ಪಶುವೈದ್ಯಕೀಯ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಬೇರೆ ದಾಖಲೆ, ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ ಅನ್ನೋದು ಅವರಿಗೆ ಯಾರೋ ಹೇಳಿದ್ದರು.

ಸರ್ಟಿಫಿಕೇಟುಗಳ ಕಥೆ ಇನ್ನೊಂದು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯದು, ಅದರ ಆರ್‌ಡಿ ನಂಬರ್ ಅರ್ಜಿಯಲ್ಲಿ ಕೇಳುತ್ತಾರೆ. ಹಿಂದುಳಿದ ವರ್ಗದವರಿಗೆ ಇದರ ಅವಧಿ 5 ವರ್ಷ. ಮಿಡ್ಲ್ ಸ್ಕೂಲಿನಲ್ಲಿ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ್ದು ಅಷ್ಟು ಹೊತ್ತಿಗೆ ಮುಗಿದಿತ್ತು. ಹೊಸದು ಮಾಡಿಸಿದೆವು. ಕೇಂದ್ರದ ಒಬಿಸಿ ಪ್ರಮಾಣಪತ್ರದ ನಮೂನೆಯೇ ಬೇರೆ. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಯೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ನೀಟ್ ಅರ್ಜಿ ತುಂಬುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಹಳ್ಳಿ ಮಕ್ಕಳಿಗೆ ದೊಡ್ಡ ಆಸರೆ ಗ್ರಾಮೀಣ ಕೋಟಾ, ನೂರಕ್ಕೆ 15. ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ಏಳರವರೆಗೆ ಊರಲ್ಲಿ ಓದಿಸಿ, ಎಂಟಕ್ಕೆ ಚನ್ನರಾಯಪಟ್ಟಣ ಟೌನಿನ ಹೈಸ್ಕೂಲಿಗೆ ಹಾಕಿದ್ದರೆ ಗ್ರಾಮೀಣ ಕೋಟಾ ಸಿಗುವುದಿಲ್ಲ, ಟೌನು ಪುರಸಭೆ ವ್ಯಾಪ್ತಿ. ನಮ್ಮ ಹುಡುಗಿ ಹಿರೀಸಾವೆ ಹೋಬಳಿಯಲ್ಲೇ ಎರಡು ಶಾಲೆಯಲ್ಲಿ ಹತ್ತೂ ವರ್ಷ ಓದಿದವಳು. ಎರಡೂ ಶಾಲೆಯ ಹೆಡ್ ಮೇಷ್ಟ್ರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಮೇಷ್ಟ್ರು ಟ್ರೈನಿಂಗಿಗೆ ಹೋದ ದಿನ ನಾವು ಹೋಗಿದ್ದು, ಆಫೀಸಿನಲ್ಲಿ ಸಾಹೇಬರು ಇಲ್ಲದ ದಿನ ಮತ್ತೆ ಹೋಗಿದ್ದು, ಎಲ್ಲ ಸೇರಿ ಎರಡು ವಾರ. ಅರ್ಜಿ ಶುರುವಾದ ಮೇಲೆ ಹೊರಟಿದ್ದರೆ ಆ ಎರಡು ವಾರ ಎಲ್ಲಿಂದ ತರೋದು?

ಏಪ್ರಿಲ್ 16, 17ಕ್ಕೆ ಸಿಇಟಿ ಬರೆದಳು. ಮೇ 4ಕ್ಕೆ ನೀಟ್. ಹೊರಗೆ ಬಂದಾಗ ಮುಖದಲ್ಲಿ ಜೀವವಿರಲಿಲ್ಲ. "ಫಿಸಿಕ್ಸ್ ಮುಗೀಲೇ ಇಲ್ಲ ಮಾವ" ಅಂದಳು. ಜೂನ್ 14ಕ್ಕೆ ಫಲಿತಾಂಶ. ಮಾರ್ಕ್ಸು ಹಿಂದಿನ ವರ್ಷಕ್ಕಿಂತ ಕಡಿಮೆ. ಅಕ್ಕ ಊಟ ಬಿಟ್ಟು ಮಲಗಿದಳು. ಒಂದು ವರ್ಷ ಕೂತು ಓದಿದ್ದು ದಂಡ ಆಯಿತು ಅಂತಲೇ ಎಲ್ಲರೂ ತಿಳಿದರು.

ರ‍್ಯಾಂಕ್ ನೋಡಿದರೆ ಬೇರೆ ಕಥೆ. 2025ರ ಪ್ರಶ್ನೆಪತ್ರಿಕೆ ಇಡೀ ದೇಶಕ್ಕೇ ಕಷ್ಟವಾಗಿತ್ತು. ಮೊದಲ ಸ್ಥಾನದ ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 2024ರಲ್ಲಿ 162 ಇದ್ದದ್ದು 144ಕ್ಕೆ ಇಳಿದಿತ್ತು. ಹುಡುಗಿಯ ಮಾರ್ಕ್ಸ್ ಇಳಿದಿದ್ದರೂ ರ‍್ಯಾಂಕ್ ಮೇಲೆ ಬಂದಿತ್ತು. ಎರಡು ವರ್ಷದ ಮಾರ್ಕ್ಸನ್ನು ಪಕ್ಕ ಪಕ್ಕ ಇಟ್ಟು ಅಳೆಯಬಾರದು. ರ‍್ಯಾಂಕನ್ನು ರ‍್ಯಾಂಕಿನ ಜೊತೆ ಇಡಬೇಕು. ನಮ್ಮ ಹತ್ತಿರ ಹಿಂದಿನ ವರ್ಷ ಬರೆದಿಟ್ಟ ಪಟ್ಟಿ ಇತ್ತಲ್ಲ, ಅದನ್ನು ತೆಗೆದು ನೋಡಿದೆವು. ಮೇಲೆ ಬಂದ ರ‍್ಯಾಂಕಿಗೂ ಸರ್ಕಾರಿ ಸೀಟು ದಕ್ಕುವ ಹಾಗೆ ಕಾಣಲಿಲ್ಲ. ಆದರೂ ಕೆಇಎಯಲ್ಲಿ ನೀಟ್ ವಿವರ ನೋಂದಾಯಿಸಿ, ಎಂಸಿಸಿಗೂ ಹಾಕಿದೆವು. ಆ ವರ್ಷದ ನೀಟ್ ರ‍್ಯಾಂಕ್ ಆ ವರ್ಷಕ್ಕೆ ಮಾತ್ರ, ಮುಂದಿನ ವರ್ಷಕ್ಕೆ ಎತ್ತಿಡೋಕೆ ಬರೋದಿಲ್ಲ.

ಸುತ್ತುಗಳು ನಡೆಯುತ್ತಿದ್ದಂತೆ ಮನೆ ಮುಂದೆ ಮೂರು ದಾರಿ ಉಳಿದವು. ಒಂದು, ಖಾಸಗಿ ಕಾಲೇಜಿನ ದುಬಾರಿ ಎಂಬಿಬಿಎಸ್ ಸೀಟು. ಎರಡು, ಮೂರನೇ ಸಲ ನೀಟ್. ಮೂರು, ಸಿಇಟಿ ರ‍್ಯಾಂಕಿನಲ್ಲಿ ಸಿಗುತ್ತಿದ್ದ ಪಶುವೈದ್ಯಕೀಯ ಸೀಟು. ಭಾವ ಮೊದಲನೆಯದಕ್ಕೆ ತೋಟದ ಒಂದು ಭಾಗ ಮಾರಲು ಮನಸ್ಸು ಮಾಡಿದ್ದರು. ಅಕ್ಕ ಮೂರನೇ ಸಲ ಬರೆಯಲಿ ಅಂದಳು.

ಹುಡುಗಿ ಹೇಳಿದ್ದು: "ಅಪ್ಪ, ತೋಟ ಮಾರ್ಬ್ಯಾಡಿ. ಇನ್ನೊಂದು ವರ್ಷ ಆ ರೂಮಲ್ಲಿ ಕೂರೋಕೆ ನನ್ ಕೈಲಿ ಆಗಲ್ಲ. ಹಸುಗೂ ಡಾಕ್ಟ್ರು ಬೇಕಲ್ವಾ?"

ಯಾರೂ ಎದುರು ಮಾತಾಡಲಿಲ್ಲ. ಡೈರಿ ಬಟವಾಡೆಯಲ್ಲಿ ನಡೆಯುವ ಮನೆಯಲ್ಲಿ ಆ ಮಾತಿಗೆ ಎದುರು ಏನಿದೆ? ಅವಳು ಈಗ ಪಶುವೈದ್ಯಕೀಯ ಓದುತ್ತಿದ್ದಾಳೆ. ಅದೂ ಐದೂವರೆ ವರ್ಷದ ಕೋರ್ಸೇ. ಭಾವನಿಗೆ ಒಳಗೆ ಸ್ವಲ್ಪ ನೋವಿದೆ, ಇಲ್ಲ ಅನ್ನೋದು ಸುಳ್ಳಾಗುತ್ತದೆ. ಆದರೆ ಆಗಸ್ಟಿನಲ್ಲಿ ಆ ಹುಡುಗಿ "ಬೇಡ" ಅನ್ನಲು ಆದದ್ದು ಜನವರಿಯಲ್ಲಿ ಹಾಕಿದ ಆ ಅರ್ಜಿಯಿಂದ. ಅದು ಇಲ್ಲದಿದ್ದರೆ ಅವಳಿಗೆ ಉಳಿಯುತ್ತಿದ್ದದ್ದು ಎರಡೇ ದಾರಿ, ಎರಡೂ ಅವಳಿಗೆ ಬೇಡವಾದವು.

ಅವಳ ಜೊತೆ ಓದಿದ ಪಕ್ಕದ ಊರಿನ ಹುಡುಗನೊಬ್ಬ ಎರಡನೇ ವರ್ಷ ನೀಟ್ ಒಂದಕ್ಕೇ ಅರ್ಜಿ ಹಾಕಿದ್ದ. ಬುದ್ಧಿವಂತ. ಮನೆಯವರೂ ಅವನ ಮೇಲೆ ಪೂರ್ತಿ ಭರವಸೆ ಇಟ್ಟವರು. ರ‍್ಯಾಂಕ್ ಸ್ವಲ್ಪದರಲ್ಲಿ ತಪ್ಪಿತು. ಹಾಸನದಲ್ಲೇ ಕಾರೇಕೆರೆಯ ಕೃಷಿ ಕಾಲೇಜಿದೆ, ಪಶುವೈದ್ಯಕೀಯ ಕಾಲೇಜಿದೆ. ಆದರೆ ಸಿಇಟಿ ಬರೆಯದವನಿಗೆ ಆ ಬಾಗಿಲು ಆ ವರ್ಷಕ್ಕೆ ಮುಚ್ಚಿತ್ತು. ಮೂರನೇ ಸಲ ಓದಲು ಕೂತ. ಅವನಿಗೆ ಒಳ್ಳೆಯದಾಗಲಿ. ಆದರೆ ಆ ಮೂರನೇ ವರ್ಷ ಅವನು ಆರಿಸಿಕೊಂಡದ್ದಲ್ಲ, ಬೇರೇನೂ ಉಳಿಯದೆ ಬಂದದ್ದು.

ನೀಟ್‌ಗೆ ಇಷ್ಟೇ ಸಲ ಅನ್ನೋ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು. ಬಡ ಮಕ್ಕಳಿಗೆ ಅದು ಒಳ್ಳೆಯದೇ. ಆದರೆ ಸರ್ಕಾರ ಬೇಲಿ ಹಾಕದ ಮೇಲೆ ಮನೆಯೇ ಹಾಕಿಕೊಳ್ಳಬೇಕು. ಎಲ್ಲಿಗೆ ನಿಲ್ಲಿಸೋದು ಅನ್ನೋದನ್ನು ಫಲಿತಾಂಶದ ಮಾರನೇ ದಿನ, ಅಳುವಿನ ನಡುವೆ ತೀರ್ಮಾನಿಸಬಾರದು. ನವೆಂಬರ್, ಡಿಸೆಂಬರಿನಲ್ಲಿ ಮಗುವನ್ನೂ ಕೂರಿಸಿಕೊಂಡು ಮಾತಾಡಬೇಕು. ಈ ರ‍್ಯಾಂಕಿನವರೆಗೆ ಬಂದರೆ ಎಂಬಿಬಿಎಸ್, ಇಲ್ಲವಾದರೆ ಆಯುರ್ವೇದವೋ, ದಂತ ವೈದ್ಯವೋ, ನರ್ಸಿಂಗೋ, ಕೃಷಿಯೋ ಅಂತ ಒಂದು ಹಾಳೆಯಲ್ಲಿ ಬರೆದಿಡಬೇಕು.

ಈ ಡಿಸೆಂಬರಿನಲ್ಲಿ ನಿಮ್ಮ ಮನೆಯಲ್ಲಿ ಎರಡನೇ ಸಲ ಬರೆಯುವ ಮಗು ಇದ್ದರೆ, ಒಂದು ಫೈಲು ಮಾಡಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರ, ವ್ಯಾಸಂಗ ಪತ್ರ. ಆಧಾರಿನಲ್ಲೂ ಅಂಕಪಟ್ಟಿಯಲ್ಲೂ ಹೆಸರು, ಇನಿಶಿಯಲ್ ಒಂದೇ ಇದೆಯಾ ನೋಡಿ. ಸಿಇಟಿ, ನೀಟ್ ಎರಡರ ಅರ್ಜಿಗೂ ಕೊನೆಯ ದಿನ ಕ್ಯಾಲೆಂಡರಿನಲ್ಲಿ ಬರೆಯಿರಿ, ಅದಕ್ಕೆ ಒಂದು ವಾರ ಮೊದಲೇ ಹಾಕಿ. ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ, ಕೆಇಎ ಮತ್ತು ಎನ್‌ಟಿಎ ವೆಬ್‌ಸೈಟಿನಲ್ಲಿ ಬಂದದ್ದನ್ನೇ ನಂಬಿ, ವಾಟ್ಸಾಪಿನಲ್ಲಿ ಬಂದದ್ದನ್ನಲ್ಲ. ನಾಫೆಡ್ ಕೊಬ್ಬರಿ ಖರೀದಿಗೆ ನೋಂದಣಿ ದಿನ ಯಾವಾಗ ಅಂತ ಕಾದು ಕೂರುವ ಜನ ನಾವು. ಮಕ್ಕಳ ಅರ್ಜಿಗೂ ಅಷ್ಟೇ ಕಣ್ಣಿಟ್ಟರೆ ಸಾಕು.

ಮತ್ತೆ ಆ ಮಗುವಿಗೆ ಫೋನ್ ಮಾಡಿ, "ಅರ್ಜಿ ನಾವು ಹಾಕಿದ್ದೀವಿ, ನೀನು ಓದ್ಕೊ" ಅಂತ ಹೇಳಿ. ಹಾಸ್ಟೆಲ್ಲಿನಲ್ಲಿ ಕೂತಿರುವವರಿಗೆ ಆ ಮಾತಿನಿಂದ ಒಂದು ಹೊರೆ ಇಳಿಯುತ್ತದೆ.