ನೆಲಮಾಳಿಗೆಯ ನಾಲ್ಕು ಗಾಲಿಗಳು

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಒಲೆಯ ಮೇಲೊಂದು ಅಟ್ಟವಿತ್ತು. ಮಳೆಗಾಲ ಮುಗಿಯುತ್ತಿದ್ದಂತೆ ಅಜ್ಜಿ ಗೊರಬುಗಳನ್ನು ಬಿಸಿಲಿಗೆ ಒಣಗಿಸಿ ಆ ಅಟ್ಟಕ್ಕೆ ಏರಿಸುತ್ತಿದ್ದರು. ಹೊಗೆ ತಿಂದ ಗೊರಬಿಗೆ ಹುಳು ಹಿಡಿಯುವುದಿಲ್ಲ ಎಂಬುದು ಅವರ ವಿಜ್ಞಾನ. ಮುಂದಿನ ಮುಂಗಾರಿಗೆ ಇಳಿಸುವಾಗ ಅವು ಮಸಿಯಂತೆ ಕಪ್ಪಾಗಿರುತ್ತಿದ್ದವು, ಆದರೆ ಗಟ್ಟಿಯಾಗಿರುತ್ತಿದ್ದವು. ಹೀಗಾಗಿ ಋತುವಿಗೊಂದು ಸಾಮಾನು, ಸಾಮಾನಿಗೊಂದು ಜಾಗ ಎಂಬುದು ನನಗೆ ಹೊಸ ಮಾತೇನಲ್ಲ. ಆದರೆ ಕಾರಿನ ಟೈರಿಗೂ ಋತು ಉಂಟೆಂದು ತಿಳಿದದ್ದು 2025ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಗೆಂದು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಇರುವ ಮಗಳ ಮನೆಗೆ ಹೋದಾಗ.

ಈಸ್ಟರ್ ಮುಗಿದ ಶನಿವಾರ ಬೆಳಿಗ್ಗೆ ಅಳಿಯಂದಿರು ಕಾರಿಗೆ ಜಾಕಿ ಕೊಟ್ಟು ಗಾಲಿ ಬಿಚ್ಚತೊಡಗಿದರು. ಪಂಕ್ಚರ್ ಆಗಿದೆಯೇನೋ ಎಂದುಕೊಂಡೆ. "ಇಲ್ಲ ಮಾವ, ಚಳಿಗಾಲದ ಟೈರು ತೆಗೆದು ಬೇಸಿಗೆಯದು ಹಾಕೋದು" ಎಂದರು. ಅಲ್ಲಿಯ ಜನ ಇದಕ್ಕೆ 'ಓ'ದಿಂದ 'ಓ'ವರೆಗೆ ಎಂಬ ಸುಲಭ ಸೂತ್ರ ಮಾಡಿಕೊಂಡಿದ್ದಾರೆ. ಒಂದು 'ಓ' ಅಕ್ಟೋಬರ್, ಇನ್ನೊಂದು ಓಸ್ಟರ್ನ್, ಅಂದರೆ ಈಸ್ಟರ್. ಕಾನೂನಿನಲ್ಲಿ ತಾರೀಖು ನಿಗದಿಯಿಲ್ಲ; ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ ಇರುವಾಗ ಮಾತ್ರ ಚಳಿಗಾಲದ ಟೈರು ಇರಲೇಬೇಕು. ಅಂಥ ಟೈರಿನ ಬದಿಯಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಗುರುತಿರುತ್ತದೆ.

ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ವ್ಯತ್ಯಾಸವಿರುವುದು ರಬ್ಬರಿನ ಪಾಕದಲ್ಲಿ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರು ಬಿರುಸಾಗುತ್ತ ಹೋಗುತ್ತದೆ, ನೆಲವನ್ನು ಹಿಡಿಯುವುದಿಲ್ಲ. ಚಳಿಗಾಲದ ಟೈರು ಆಗಲೂ ಮೆತ್ತಗೇ ಇರುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಆದರೆ ಅದೇ ಮೆದುತನದಿಂದಾಗಿ ಬೇಸಿಗೆಯಲ್ಲಿ ಬೇಗ ಸವೆಯುತ್ತದೆ. ಆದ್ದರಿಂದ ವರ್ಷಕ್ಕೆರಡು ಸಲ ಈ ಅದಲು ಬದಲು. ಮನೆಯಲ್ಲಿ ಜಾಗವಿಲ್ಲದವರು ಬಾಡಿಗೆ ಕೊಟ್ಟು ಟೈರುಗಳನ್ನು ಅಂಗಡಿಯಲ್ಲೇ ಇರಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು 'ಟೈರು ಹೋಟೆಲ್'!

ಮಗಳ ಮನೆಗೆ ನೆಲಮಾಳಿಗೆ ಇತ್ತು. "ಇವನ್ನು ಜೋಡಿಸಿಡೋದು ನನಗೆ ಬಿಡಿ" ಎಂದೆ. ಬಂದಾಗಿನಿಂದ ಕೂತು ತಿನ್ನುತ್ತಿದ್ದ ಮಾವನಿಗೆ ಕೆಲಸ ಸಿಕ್ಕಿತಲ್ಲ ಎಂದು ಅಳಿಯಂದಿರೂ ಬೇಡವೆನ್ನಲಿಲ್ಲ. ಪಕ್ಕದ ಮನೆಯ ವೃದ್ಧರೊಬ್ಬರು ಬೇಲಿಯಾಚೆಯಿಂದ ನೋಡುತ್ತಿದ್ದವರು ಬಳಿಗೆ ಬಂದರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಜೇಬಿನಿಂದ ಸೀಮೆಸುಣ್ಣ ತೆಗೆದು ಪ್ರತಿ ಟೈರಿನ ಮೇಲೂ ಎರಡೆರಡು ಅಕ್ಷರ ಬರೆದರು. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ. ಯಾವುದು ಎಲ್ಲಿತ್ತೆಂದು ಮತ್ತೆ ಹಾಕುವಾಗ ತಿಳಿಯಬೇಕಲ್ಲ! ಜೀವಮಾನವಿಡೀ ಸೀಮೆಸುಣ್ಣ ಹಿಡಿದ ನನಗೆ ಆ ಮನುಷ್ಯನ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ಆಮೇಲೆ ನೀರಿನ ಕೊಳವೆ ತೋರಿಸಿದರು, ಬಟ್ಟೆ ತೋರಿಸಿದರು, ಸೀಳುಗಳಲ್ಲಿ ಸಿಕ್ಕಿದ ಕಲ್ಲುಹರಳು ತೆಗೆಯುವುದನ್ನು ತೋರಿಸಿ ಹೊರಟುಹೋದರು.

ತೊಳೆದೆ, ಒರೆಸಿದೆ, ಒಣಗಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನಮ್ಮಲ್ಲಿ ಆಯುಧ ಪೂಜೆಯ ಹಿಂದಿನ ದಿನ ಸ್ಕೂಟರ್ ತೊಳೆದ ಮೇಲೆ ಟೈರಿಗೆ ಒಂದಿಷ್ಟು ಎಣ್ಣೆ ಸವರಿ ಫಳಫಳ ಹೊಳೆಯಿಸುವುದು ರೂಢಿ. ನೆಲಮಾಳಿಗೆಯ ಗೂಡಿನಲ್ಲಿ ಮೆಷಿನ್ ಎಣ್ಣೆಯ ಡಬ್ಬಿ ಕಂಡಿತು. ಕೈ ಸುಮ್ಮನಿರಲಿಲ್ಲ. ಎರಡು ಟೈರಿಗೆ ಧಾರಾಳವಾಗಿ ಬಳಿಯುವಷ್ಟರಲ್ಲಿ ಡಬ್ಬಿ ಖಾಲಿಯಾಯಿತು. ನಾಲ್ಕನ್ನೂ ಕಪ್ಪು ಚೀಲಗಳಲ್ಲಿ ಬಿಗಿದು, ಅಜ್ಜಿಯ ಅಟ್ಟವನ್ನು ನೆನೆದು, ಮನೆ ಬೆಚ್ಚಗಿಡುವ ಬಾಯ್ಲರಿನ ಪಕ್ಕದಲ್ಲೇ ಒಂದರ ಮೇಲೊಂದು ಪೇರಿಸಿದೆ. ಮೇ ಕೊನೆಗೆ, ಶಾಲೆ ತೆರೆಯುವ ಹೊತ್ತಿಗೆ ಊರಿಗೆ ಮರಳಿದೆ.

ಅಕ್ಟೋಬರ್‌ನಲ್ಲಿ, ಆಯುಧ ಪೂಜೆ ಕಳೆದ ಮೂರನೆಯ ವಾರ, ಮಗಳೊಡನೆ ಫೋನಿನಲ್ಲಿ ಮಾತಾಡುವಾಗ "ಟೈರು ಬದಲಾಯಿಸಿದಿರಾ?" ಎಂದೆ. ಆ ಕಡೆ ಕ್ಷಣಕಾಲ ಮೌನ. "ಆಯಿತಪ್ಪ. ಎರಡು ಹೊಸದು ತಗೊಂಡ್ವಿ." ಸವೆದಿತ್ತೇ ಎಂದು ಕೇಳಿದೆ. ಮೇಷ್ಟರ ಮಗಳು, ಸುಳ್ಳು ಹೇಳಲು ಬರುವುದಿಲ್ಲ. "ಇವರು ನಿಮಗೆ ಹೇಳಬೇಡ ಅಂದಿದ್ರು" ಎಂದು ಶುರುಮಾಡಿದಳು. ಎರಡು ಟೈರುಗಳ ಬದಿ ಅಲ್ಲಲ್ಲಿ ಉಬ್ಬಿ, ಒತ್ತಿದರೆ ಮೆತ್ತಗಾಗಿತ್ತಂತೆ. ಗ್ಯಾರೇಜಿನವನು ಮೂಸಿ ನೋಡಿ, ಎಣ್ಣೆ ಕುಡಿದ ಟೈರನ್ನು ತಾನು ಕೂರಿಸುವುದಿಲ್ಲ ಎಂದನಂತೆ. ಉಳಿದೆರಡಕ್ಕೆ ಏನೂ ಆಗಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಡ್ಡಿನ ಮಾತಲ್ಲ. ಮಗಳ ಮನೆಯಿರುವುದು ಇಳಿಜಾರಿನ ಬೀದಿಯಲ್ಲಿ. ಮೂರು ವರ್ಷದ ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿಕೊಂಡು ಅವಳು ದಿನಾ ಅದೇ ಇಳಿಜಾರಿನಲ್ಲಿ ಶಿಶುವಿಹಾರಕ್ಕೆ ಹೋಗುತ್ತಾಳೆ. ಗ್ಯಾರೇಜಿನವನು ಮೂಸದೇ ಹೋಗಿದ್ದರೆ?

ನನ್ನ ತಪ್ಪು ಅರಿಯದೆ ಮಾಡಿದ್ದೂ ಅಲ್ಲ. ರಬ್ಬರೂ ಖನಿಜ ತೈಲವೂ ಒಂದೇ ಕುಲದವು, ಇಂಗಾಲ ಮತ್ತು ಜಲಜನಕದ ಸಂಯುಕ್ತಗಳು. ಸಜಾತಿ ಸಜಾತಿಯನ್ನು ಕರಗಿಸುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವನು ನಾನೇ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ ದಾರಿ ಕಂಡುಕೊಂಡ. ಆ ಹೆಣಿಗೆಯಿಂದಾಗಿ ರಬ್ಬರು ಎಣ್ಣೆಯಲ್ಲಿ ಕರಗಿಹೋಗುವುದಿಲ್ಲ; ಆದರೆ ಎಣ್ಣೆ ಹೆಣಿಗೆಯ ನಡುವೆ ನುಗ್ಗಿ ಅದನ್ನು ಉಬ್ಬಿಸಿ ದುರ್ಬಲಗೊಳಿಸುತ್ತದೆ. ಬಾಯ್ಲರಿನ ಶಾಖ ಆ ಕೆಲಸವನ್ನು ಚುರುಕಾಗಿಸಿತು, ಬಿಗಿದ ಚೀಲ ಎಣ್ಣೆಯನ್ನು ಆರಲು ಬಿಡಲಿಲ್ಲ. ಎಣ್ಣೆ ಬಳಿದ ಎರಡು, ಬಳಿಯದ ಎರಡು. ಪ್ರಯೋಗಾಲಯದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ನಾನು ಮಾಡಿಸಿದ್ದೇ ಇಲ್ಲ.

ಅಜ್ಜಿಯ ಮಸಿಯ ವಿಚಾರದಲ್ಲಿ ಮಾತ್ರ ನಾನು ಪೂರ್ತಿ ತಪ್ಪಿರಲಿಲ್ಲ. ಟೈರು ಕಪ್ಪಾಗಿರುವುದೂ ಮಸಿಯಿಂದಲೇ. ರಬ್ಬರಿನ ಸಹಜ ಬಣ್ಣ ಹಾಲುಬಿಳುಪು. ಅದಕ್ಕೆ ಬೆರೆಸುವ ನುಣುಪಾದ ಇಂಗಾಲದ ಪುಡಿ ಸವೆತ ತಡೆಯುತ್ತದೆ, ಬಿಸಿಲಿನ ನೇರಳಾತೀತ ಕಿರಣಗಳಿಂದಲೂ ಕಾಯುತ್ತದೆ. ಮಸಿ ಒಳಗೇ ಇರುವಾಗ ಮೇಲೆ ಒಲೆಯ ಶಾಖ ಯಾಕೆ? ಟೈರಿಗೆ ಬೇಕಾದದ್ದು ತಂಪಾದ, ಒಣಗಿದ, ಕತ್ತಲಿನ ಜಾಗ. ವಿದ್ಯುತ್ ಮೋಟಾರು, ವೆಲ್ಡಿಂಗ್ ಇರುವ ಕಡೆ ಇಡಬಾರದು. ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರಿನ ದ್ವಿಬಂಧಗಳನ್ನು ಕತ್ತರಿಸಿ ಬಿರುಕು ತರುತ್ತದೆ. ಡಿಸ್ಕಿನ ಸಮೇತ ಇಡುವುದಾದರೆ ಗಾಳಿ ಕೊಂಚ ಹೆಚ್ಚು ತುಂಬಿ ಒಂದರ ಮೇಲೊಂದು ಮಲಗಿಸಬಹುದು, ಇಲ್ಲವೇ ಕೊಕ್ಕೆಗೆ ತೂಗುಹಾಕಬಹುದು. ಬರಿಯ ಟೈರಾದರೆ ನಿಲ್ಲಿಸಿಡಬೇಕು, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಬೇಕು. ಇಲ್ಲದಿದ್ದರೆ ನೆಲ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಬದಿಯ ಕೊನೆಯ ನಾಲ್ಕು ಅಂಕಿಗಳು ಟೈರಿನ ಜಾತಕ: 3522 ಎಂದಿದ್ದರೆ 2022ರ 35ನೇ ವಾರ ಹುಟ್ಟಿದ್ದು. ಮರಳಿ ಹಾಕುವ ಮುನ್ನ ಸೀಳಿನ ಆಳ ಅಳೆಯಬೇಕು. ಅಲ್ಲಿಯ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಹಿಮಕ್ಕೆ 4 ಇರಲಿ ಎನ್ನುತ್ತಾರೆ ತಿಳಿದವರು.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಪೇರಳೆ ಮರದ ಬುಡದಲ್ಲಿ ನನ್ನ ಸ್ಕೂಟರಿನ ಹಳೆಯ ಟೈರೊಂದು ಎರಡು ವರ್ಷದಿಂದ ಬಿದ್ದಿತ್ತು. ಬಗ್ಗಿ ನೋಡಿದರೆ ಒಳಗೆ ಮಳೆನೀರು, ನೀರಿನಲ್ಲಿ ಕುಣಿಯುವ ಮರಿಹುಳುಗಳು. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಸಿಗದು. ನೀರು ಒಣಗಿದರೂ ಅದರ ಮೊಟ್ಟೆಗಳು ತಿಂಗಳುಗಟ್ಟಲೆ ಕಾದಿರಬಲ್ಲವು. ಪ್ರತಿ ಜೂನ್‌ನಲ್ಲಿ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಡೆಂಗೆಯ ಬಗ್ಗೆ ಭಾಷಣ ಮಾಡುವವನೂ ನಾನೇ! ನೀರನ್ನು ಒಣನೆಲಕ್ಕೆ ಚೆಲ್ಲಿ, ಒಳಮೈಯನ್ನು ತಿಕ್ಕಿ ತೊಳೆದು, ಟೈರನ್ನು ಒಣಗಿಸಿ ಹಳೆಯ ಸಾಮಾನು ಕೊಳ್ಳುವವನಿಗೆ ಕೊಟ್ಟೆ.

ರಜೆ ಮುಗಿದು ಶಾಲೆ ಶುರುವಾದಾಗ ಹತ್ತನೇ ತರಗತಿಗೆ ಇಂಗಾಲದ ಸಂಯುಕ್ತಗಳ ಪಾಠ ಮಾಡುವಾಗ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಪರವಾಗಿಲ್ಲ, ಈ ಪಾಠ ಅವರು ಮರೆಯುವುದಿಲ್ಲ. ಸಂಜೆ ಅಳಿಯಂದಿರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಪ್ರಿಲ್‌ಗೆ ಮತ್ತೆ ಬನ್ನಿ ಮಾವ. ಟೈರು ನೀವೇ ಜೋಡಿಸಿಡಿ. ಎಣ್ಣೆ ಡಬ್ಬಿ ಮಾತ್ರ ನಾನು ಬಚ್ಚಿಡ್ತೀನಿ" ಎಂದರು.