ಎಡಮುರಿಯ ಚಿಪ್ಪು

ಅರಸೀಕೆರೆಯ ಸಮೀಪದ ಮಾಲೇಕಲ್ಲು ತಿರುಪತಿಯಲ್ಲಿ ಬೆಟ್ಟದ ಮೇಲೆ ವೆಂಕಟರಮಣನ ಸನ್ನಿಧಿಯುಂಟು. ಮೆಟ್ಟಿಲೇರಿ ಬಂದ ಭಕ್ತರು ಶಂಖಚಕ್ರಧಾರಿಗೆ ಕೈಮುಗಿಯುತ್ತಾರೆ. ಬೆಟ್ಟವಿಳಿದು ಕೆರೆಯ ದಂಡೆಗೆ ಬಂದರೆ, ಆ ಶಂಖದ ಬಡಬಂಧುಗಳಾದ ಬಸವನಹುಳುಗಳ ಚಿಪ್ಪುಗಳು ಕೆಸರಿನಲ್ಲಿ ಚೆಲ್ಲಿರುತ್ತವೆ. ಅವುಗಳಲ್ಲೊಂದನ್ನು ಆಯ್ದ ವಿದ್ಯಾರ್ಥಿಗೆ ‘ಇದು ಪಳೆಯುಳಿಕೆಯೇ?’ ಎಂಬ ಸಂದೇಹ ಮೂಡುವುದು ಸಹಜ. ಅಲ್ಲ, ಅದು ನಿನ್ನೆಮೊನ್ನೆಯ ಚಿಪ್ಪು. ಆ ಸೀಮೆಯ ಬಂಡೆಗಳಾದರೋ 250 ಕೋಟಿ ವರ್ಷಗಳಿಗಿಂತಲೂ ಹಳೆಯವು. ಅವು ರೂಪುಗೊಂಡಾಗ ಬಸವನಹುಳು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ.

ಕಲ್ಲಾದ ಚಿಪ್ಪನ್ನು ಅರಸುವವರು ಉತ್ತರಕ್ಕೆ, ಕಪ್ಪುಮಣ್ಣಿನ ನಾಡಿಗೆ, ಸಾಗಬೇಕು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ನೆಲ ಬಿರಿದು ಲಾವಾರಸ ಮತ್ತೆ ಮತ್ತೆ ಹರಿಯಿತು. ಒಂದು ಪ್ರವಾಹಕ್ಕೂ ಮುಂದಿನದಕ್ಕೂ ನಡುವೆ ದೀರ್ಘಕಾಲದ ಬಿಡುವಿರುತ್ತಿತ್ತು. ಆಗ ತಗ್ಗುಗಳಲ್ಲಿ ನೀರು ನಿಂತು ಸರೋವರಗಳಾದವು. ಅವುಗಳಲ್ಲಿ ಬಸವನಹುಳುಗಳು ಬಾಳಿ, ಸತ್ತು, ಕೆಸರಿನಲ್ಲಿ ಹೂತುಹೋದವು. ಮುಂದಿನ ಲಾವಾ ಆ ಕೆಸರನ್ನು ಮುಚ್ಚಿತು. ಎರಡು ಕಪ್ಪುಶಿಲೆಗಳ ನಡುವೆ ಪುಸ್ತಕದ ಹಾಳೆಯಂತೆ ಉಳಿದ ಇಂತಹ ಪದರಗಳು ಇಂದಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ ಪ್ರದೇಶದಲ್ಲಿಯೂ ಇವೆ.

ಈ ಪದರಗಳ ಪ್ರಸಿದ್ಧ ಬಸವನಹುಳುವಿಗೆ ‘ಫೈಸಾ ಪ್ರಿನ್ಸೆಪಿಯೈ’ ಎಂಬ ಹೆಸರು ಬಂದದ್ದು 1840ರಲ್ಲಿ. ಮದರಾಸು ಸೈನ್ಯದ ವೈದ್ಯನಾಗಿದ್ದ ಮಾಲ್ಕಮ್‌ಸನ್ ಚಿಪ್ಪುಗಳನ್ನು ಸಂಗ್ರಹಿಸಿದನು; ಇಂಗ್ಲೆಂಡಿನ ಸೋವರ್ಬಿ ಅವುಗಳನ್ನು ವರ್ಣಿಸಿದನು. ಆ ಹೆಸರಿನೊಳಗಿರುವ ಪ್ರಿನ್ಸೆಪ್, ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಯಾಗಿದ್ದು, ಅಶೋಕನ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಓದಿದ ವಿದ್ವಾಂಸ. ಕಲ್ಲಿನಲ್ಲಿದ್ದ ಅಕ್ಷರವನ್ನು ಓದಿದವನ ಹೆಸರು ಕಲ್ಲಿನಲ್ಲಿದ್ದ ಜೀವಿಗೆ ಸಂದದ್ದು ಉಚಿತವೇ ಆಗಿದೆ.

ಈ ಚಿಪ್ಪನ್ನು ಗುರುತಿಸುವ ಬಗೆ ಹೇಗೆ? ಮೊದಲು ಸುರುಳಿಯ ತುದಿಯನ್ನು ಮೇಲಕ್ಕೂ ಬಾಯಿಯನ್ನು ತನ್ನೆದುರಿಗೂ ಹಿಡಿಯಬೇಕು. ಬಾಯಿ ಎಡಕ್ಕಿದ್ದರೆ ಅದು ಎಡಮುರಿ; ಫೈಸಾ ಅಂತಹುದು. ಬಲಕ್ಕಿದ್ದರೆ ಬಲಮುರಿ, ನಮ್ಮ ಕೆರೆಗಳಲ್ಲಿ ಇಂದಿಗೂ ಇರುವ ಲಿಮ್ನಿಯಾ ಅಂತಹುದು. ಆದರೆ ಮನೆಗಳಲ್ಲಿ ಪೂಜೆಗೊಳ್ಳುವ ಅಪರೂಪದ ‘ಬಲಮುರಿ’ ಶಂಖವನ್ನು ವಿಜ್ಞಾನಿಗಳು ಎಡಮುರಿಯೆಂದೇ ಕರೆಯುತ್ತಾರೆ. ಇಲ್ಲಿ ಯಾರದೂ ತಪ್ಪಿಲ್ಲ. ಸಂಪ್ರದಾಯವು ಸುರುಳಿಯ ತುದಿಯನ್ನು ಕೆಳಗೆ ಮಾಡಿ ನೋಡುತ್ತದೆ, ವಿಜ್ಞಾನವು ಮೇಲೆ ಮಾಡಿ ನೋಡುತ್ತದೆ. ಶಂಖ ಬದಲಾಗಿಲ್ಲ, ಹಿಡಿದ ಬಗೆ ಬದಲಾಗಿದೆ.

ಕಲ್ಲಿನಲ್ಲಿ ಇನ್ನೊಂದು ತೊಡಕುಂಟು. ಎಷ್ಟೋ ಕಡೆ ಚಿಪ್ಪು ಕರಗಿಹೋಗಿ ಅದರ ಹೊರಮೈಯ ಗುಳಿ ಮಾತ್ರ ಉಳಿದಿರುತ್ತದೆ. ಮುದ್ರೆಯುಂಗುರದಲ್ಲಿ ಅಕ್ಷರಗಳು ತಿರುಗುಮುರುಗಾಗಿ ಕಾಣುವಂತೆ, ಆ ಗುಳಿಯಲ್ಲಿ ಬಲವು ಎಡವಾಗಿ ಕಾಣುತ್ತದೆ. ಅವಸರಪಟ್ಟವನು ಲಿಮ್ನಿಯಾವನ್ನೇ ಫೈಸಾ ಎಂದು ಬರೆದಿಡುವನು. ಗುಳಿಗೆ ಮೆತ್ತನೆಯ ಜೇಡಿಮಣ್ಣನ್ನು ಒತ್ತಿ ತೆಗೆದರೆ ನಿಜವಾದ ಆಕಾರ ಕೈಗೆ ಬರುತ್ತದೆ. ಇನ್ನು ಕೆಲವೆಡೆ ಚಿಪ್ಪಿನ ಒಳಗೆ ತುಂಬಿದ ಕೆಸರು ಗಟ್ಟಿಯಾಗಿ ಒಳಮೈಯ ಅಚ್ಚು ಮಾತ್ರ ಉಳಿದಿರುತ್ತದೆ. ಅದರಲ್ಲಿ ಹೊರಮೈಯ ಗೆರೆಗಳು ಕಾಣುವುದಿಲ್ಲ. ಅಂತಹ ಕಡೆ ಕುಲವನ್ನು ಹೇಳಿ, ಪ್ರಭೇದದ ಮಾತನ್ನು ಬಿಟ್ಟುಬಿಡುವುದೇ ಪ್ರಾಮಾಣಿಕತೆ.

ಇಷ್ಟು ಸಣ್ಣ ಚಿಪ್ಪಿಗೆ ಇಷ್ಟೊಂದು ಎಚ್ಚರವೇಕೆ? ಪದರದ ವಯಸ್ಸನ್ನು ಅದರೊಳಗಿನ ಜೀವಿಗಳಿಂದ ಊಹಿಸುವುದುಂಟು. ನಾಗಪುರದಲ್ಲಿದ್ದ ಪಾದ್ರಿ ಸ್ಟೀಫನ್ ಹಿಸ್ಲಾಪ್ ಬಹು ಶ್ರಮದಿಂದ ಇಂತಹ ಚಿಪ್ಪುಗಳನ್ನು ಕೂಡಿಸಿ 1860ರಲ್ಲಿ ಲೇಖನ ಪ್ರಕಟಿಸಿದನು. ಅವನ ಸಂಗ್ರಹ ಅಮೂಲ್ಯವಾದುದು. ಆದರೆ ಆ ಪದರಗಳಿಗೆ ಅವನು ಕಟ್ಟಿದ ವಯಸ್ಸು ನಿಲ್ಲಲಿಲ್ಲ. ಅವು ಅವನು ಎಣಿಸಿದುದಕ್ಕಿಂತ ಹಳೆಯವೆಂದೂ, ಹಲವು ಪದರಗಳು ಡೈನೋಸಾರುಗಳ ಕಡೆಯ ದಿನಗಳವೆಂದೂ ಮುಂದಿನ ಸಂಶೋಧನೆ ತೋರಿಸಿತು. ಅವನ ಊಹೆಯನ್ನು ತಿದ್ದಲು ಸಾಧ್ಯವಾದದ್ದೂ, ಯಾವ ಚಿಪ್ಪು ಯಾವ ಸ್ಥಳದ್ದೆಂದು ಅವನು ಬರೆದಿಟ್ಟಿದ್ದರಿಂದಲೇ. ಹಿಸ್ಲಾಪ್ 1863ರಲ್ಲಿ, ಹಳೆಯ ಕಲ್ಲುವೃತ್ತಗಳನ್ನು ನೋಡಿ ಹಿಂದಿರುಗುವಾಗ, ಹೊಳೆಯಲ್ಲಿ ಮುಳುಗಿ ತೀರಿಕೊಂಡನು. ಬರಹ ಉಳಿಯಿತು.

ಆದುದರಿಂದ ಚಿಪ್ಪನ್ನು ಕೀಳುವ ಮೊದಲು ಊರು, ಪದರ, ದಿನ ಇವುಗಳನ್ನು ಬರೆದಿಡುವುದು ಸಂಗ್ರಾಹಕನ ಮೊದಲ ಧರ್ಮ. ತಪ್ಪಾದ ಹೆಸರನ್ನು ಮುಂದೆ ಯಾರಾದರೂ ತಿದ್ದಬಲ್ಲರು. ಊರು ಮರೆತ ಚಿಪ್ಪಿಗೆ ಅದರ ಊರನ್ನು ಮರಳಿ ಕೊಡಬಲ್ಲವರು ಯಾರೂ ಇಲ್ಲ. ಮಾಲೇಕಲ್ಲಿನ ಕೆರೆಯಂಚಿನಲ್ಲಿ ದೊರೆತ ನಿನ್ನೆಮೊನ್ನೆಯ ಚಿಪ್ಪಿನಿಂದಲೇ ಈ ಅಭ್ಯಾಸವನ್ನು ಆರಂಭಿಸಬಹುದು.