ದರ್ಜಿಯನ್ನು ಕಳೆದುಕೊಂಡ ಮೋಟಾರು

ಬಟ್ಟೆ ಕೊಳ್ಳುವುದು ಒಂದು ಅಂಗಡಿಯಲ್ಲಿ, ಹೊಲಿಸುವುದು ಇನ್ನೊಂದು ಕಡೆ. ಇದು ಗೃಹಸ್ಥರ ಹಳೆಯ ಪದ್ಧತಿ. ಮೋಟಾರು ಕಾರಿಗೂ ಹೀಗೊಬ್ಬ ದರ್ಜಿಯಿದ್ದನೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಇಂಗ್ಲೆಂಡಿನ ಎಷ್ಟೋ ಕಾರ್ಖಾನೆಗಳು ಎಂಜಿನನ್ನೂ ಚಕ್ರಗಳನ್ನೂ ಹೊತ್ತ ಉಕ್ಕಿನ ಚಾಸಿಯನ್ನು ಮಾತ್ರ ಸಿದ್ಧಪಡಿಸುತ್ತಿದ್ದವು. ಅದಕ್ಕೆ ಮೈ ತೊಡಿಸುವವರು ಬೇರೆ. ಸಾರೋಟು ಕಟ್ಟಿ ಬಾಳಿದ ಮನೆತನಗಳೇ ಕೆಲವು ಈ ಕಸುಬಿಗೆ ಇಳಿದಿದ್ದವು.

ಕೊವೆಂಟ್ರಿ ನಗರದ ಆಲ್ವಿಸ್ ಕಂಪೆನಿ ಇಂಥ ದರ್ಜಿಗಳನ್ನೇ ನಂಬಿತ್ತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬೆಂಕಿಯ ಮಳೆಗರೆದಾಗ ಅದರ ಕಾರು ಕಾರ್ಖಾನೆ ನಾಶವಾಯಿತು. ಯುದ್ಧ ಮುಗಿದು, 1946ರಲ್ಲಿ ಕಂಪೆನಿ ಮತ್ತೆ ಕಾರು ಕಟ್ಟತೊಡಗಿತು. 1950ರಲ್ಲಿ ಆರು ಸಿಲಿಂಡರುಗಳ, ಮೂರು ಲೀಟರಿನ ಟಿ.ಎ. 21 ಹೊರಬಂದಿತು. ಅದರ ಮುಚ್ಚು ಕಾರಿನ ಮೈ ಬರ್ಮಿಂಗ್‌ಹ್ಯಾಮಿನ ಮಲ್ಲಿನರ್ಸ್ ಅವರದು. ಛಾವಣಿ ಮಡಿಸುವ ಕಾರಿನದು ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬ ಊರಿನ ಟಿಕ್‌ಫರ್ಡ್ ಅವರದು.

ಟಿಕ್‌ಫರ್ಡ್ ಕಟ್ಟಿದ ಟಿ.ಎ. 21 ಕಾರುಗಳು ಸುಮಾರು 300 ಮಾತ್ರ. ಒಳಗೆ ಮರದ ಹಂದರ, ಅದರ ಮೇಲೆ ಲೋಹದ ತಗಡು. ನೆತ್ತಿಗೆ ಬಟ್ಟೆಯ ಛಾವಣಿ. ಆ ಛಾವಣಿಗೆ ಮೂರು ಭಂಗಿಗಳು. ಪೂರ್ತಿ ಮುಚ್ಚಿದರೆ ಮಳೆಗಾಲದ ಮನೆ. ಮುಂಭಾಗವನ್ನಷ್ಟೇ ಸುತ್ತಿಟ್ಟರೆ ಜಗಲಿ. ಪೂರ್ತಿ ಮಡಿಸಿದರೆ ಬಯಲು.

ಆದರೆ ಕಾಲವು ತಗಡು ಒತ್ತುವ ದೊಡ್ಡ ಯಂತ್ರಗಳ ಪಕ್ಷ ವಹಿಸಿತ್ತು. ಚಾಸಿಯೂ ಮೈಯೂ ಒಂದೇ ಆಗಿ ಹುಟ್ಟುವ ಕಾರಿಗೆ ದರ್ಜಿಯೇಕೆ? ಉಳಿದ ಕೆಲವರನ್ನು ಸಿರಿವಂತ ಕಂಪೆನಿಗಳು ತಮ್ಮವರನ್ನಾಗಿ ಮಾಡಿಕೊಂಡವು. 1950ರ ದಶಕದ ನಡುವೆ ಟಿಕ್‌ಫರ್ಡ್ ಸಂಸ್ಥೆ ಆಸ್ಟನ್ ಮಾರ್ಟಿನ್ ಕಂಪೆನಿಯ ಒಡೆಯ ಡೇವಿಡ್ ಬ್ರೌನನ ಪಾಲಾಯಿತು; ಮಲ್ಲಿನರ್ಸ್ ಸಂಸ್ಥೆ ಸ್ಟ್ಯಾಂಡರ್ಡ್ ಕಂಪೆನಿಯ ಕೆಲಸಕ್ಕೆ ಕಟ್ಟುಬಿದ್ದಿತು. ಬಾಂಬಿನ ಬೆಂಕಿಯಿಂದ ಎದ್ದುಬಂದ ಆಲ್ವಿಸ್ ಈಗ ಕಂಗಾಲಾಯಿತು. ಗಟ್ಟಿ ಎಂಜಿನಿತ್ತು, ಒಳ್ಳೆಯ ಹೆಸರಿತ್ತು, ಉಡಲು ಬಟ್ಟೆಯಿರಲಿಲ್ಲ!

ಸ್ವಿಟ್ಜರ್ಲೆಂಡಿನ ಹರ್ಮನ್ ಗ್ರಾಬರ್ ಎಂಬ ಕುಶಲಿಯ ಮಾದರಿಯನ್ನು ತಂದು, ಬಸ್ಸಿನ ಮೈ ಕಟ್ಟುತ್ತಿದ್ದ ವಿಲೋಬ್ರೂಕ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿ ಇಪ್ಪತ್ತು ಕಾರುಗಳೂ ಆಗಲಿಲ್ಲ. 1958ರಿಂದ ಲಂಡನ್ನಿನ ಪಾರ್ಕ್ ವಾರ್ಡ್ ಕೈಹಿಡಿಯಿತು. ಅವರು ಕಟ್ಟಿದ ಒಂದು ತೆರೆದ ಕಾರು ಎಲಿಜಬೆತ್ ರಾಣಿಯ ಪತಿ ಫಿಲಿಪ್ ರಾಜಕುಮಾರನ ಸ್ವಂತದ್ದಾಯಿತು. ರಾಜಮನ್ನಣೆ ದೊರೆತರೂ ವ್ಯಾಪಾರ ಉಳಿಯಲಿಲ್ಲ. 1967ರಲ್ಲಿ ಆಲ್ವಿಸ್ ಕಾರುಗಳ ತಯಾರಿಕೆ ನಿಂತಿತು.

ಇಂದು ಹಳೆಯ ಟಿಕ್‌ಫರ್ಡ್ ಕಾರೊಂದನ್ನು ಕೊಂಡವನಿಗೆ ಮೆಕ್ಯಾನಿಕನೊಬ್ಬನೇ ಸಾಲದು, ಬಡಗಿಯೂ ಬೇಕು. ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಒಂದು ಕಾರಿನ ಬಾಗಿಲನ್ನು ಬಿಚ್ಚಿ ಅದೇ ಜಾತಿಯ ಇನ್ನೊಂದಕ್ಕೆ ಕೂರಿಸಿದರೆ ಎಲ್ಲೋ ಒಂದು ಎಳೆಯಷ್ಟು ವ್ಯತ್ಯಾಸ ಉಳಿದೀತು. ಯಂತ್ರದ ಲೆಕ್ಕದಲ್ಲಿ ಅದು ದೋಷವೇ ಸರಿ. ಆದರೆ ಒಬ್ಬನ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬನ ಮೈಗೆ ಒಪ್ಪದಿದ್ದರೆ, ಅದನ್ನು ದರ್ಜಿಯ ತಪ್ಪೆಂದು ಯಾರೂ ಹೇಳುವುದಿಲ್ಲ.